ಅಂಜಿಕೆಯೇ ನೋವಿನ ಬೇರೆಂದ ವೈದ್ಯ

ಹೆರಿಗೆಯನ್ನು ನಮ್ಮವರು ಹೆಣ್ಣಿನ ಮರುಹುಟ್ಟೆಂದು ಕರೆದರು. ಆ ಮಾತಿನಲ್ಲಿ ಮರುಕವಿದೆ, ಗೌರವವಿದೆ. ಚೊಚ್ಚಲ ಬಸುರಿಯ ಎದೆಯನ್ನು ನಡುಗಿಸುವಷ್ಟು ಭಯವೂ ಇದೆ. ಈ ಭಯವನ್ನೇ ರೋಗವೆಂದು ಬಗೆದು, ತಿಳಿವಳಿಕೆಯೇ ಅದಕ್ಕೆ ಮದ್ದೆಂದು ಬಾಳಿನುದ್ದಕ್ಕೂ ವಾದಿಸಿದವನು ಇಂಗ್ಲೆಂಡಿನ ವೈದ್ಯ ಗ್ರಾಂಟ್ಲಿ ಡಿಕ್-ರೀಡ್.

ಆತನು ಹುಟ್ಟಿದ್ದು 1890ರಲ್ಲಿ, ಸಫೋಕ್ ಪ್ರಾಂತದ ಬೆಕಲ್ಸ್ ಎಂಬಲ್ಲಿ. ಕೇಂಬ್ರಿಜ್ಜಿನಲ್ಲಿ ಓದಿ, ಲಂಡನ್ ಹಾಸ್ಪಿಟಲ್‌ನಲ್ಲಿ ವೈದ್ಯವಿದ್ಯೆಯನ್ನು ಕಲಿತನು. ಆಸ್ಪತ್ರೆಯ ಸುತ್ತಲೂ ವೈಟ್‌ಚಾಪೆಲ್ಲಿನ ಬಡವರ ಕೇರಿಗಳು. ಅಲ್ಲಿ ಹೆರಿಗೆಗೆ ಎಳೆಯ ವೈದ್ಯರೇ ಮನೆಮನೆಗೆ ಹೋಗಬೇಕಾಗಿತ್ತು. ಒಂದು ರಾತ್ರಿ ಆತನು ಮಳೆಯಲ್ಲಿ, ಕೆಸರಿನಲ್ಲಿ ಸೈಕಲ್ ತುಳಿದು ರೈಲ್ವೆ ಕಮಾನಿನ ಬಳಿಯ ಮುರುಕು ಮನೆಯೊಂದನ್ನು ಸೇರಿದನು. ಒಡೆದ ಕಿಟಕಿಯಿಂದ ಮಳೆ ಒಳಗೆ ಸುರಿಯುತ್ತಿತ್ತು. ಬೆಳಕೆಂದರೆ ಸೀಸೆಯ ಬಾಯಿಗೆ ಸಿಕ್ಕಿಸಿದ ಒಂದೇ ಮೇಣದಬತ್ತಿ. ಹೆರುವವಳ ಮೈಮೇಲೆ ಹೊದಿಕೆಗೆ ಗೋಣಿಚೀಲ. ಮಗುವಿನ ತಲೆ ಕಾಣುವ ಹೊತ್ತಿಗೆ ಆತನು ಕ್ಲೋರೋಫಾರಂ ನೀಡಹೋದಾಗ ಆಕೆ ಮೆಲ್ಲನೆ ಬೇಡವೆಂದಳು. ಗದ್ದಲವಿಲ್ಲದೆ ಕೂಸು ಹುಟ್ಟಿತು. ಹೊರಡುವ ಮುನ್ನ ಏಕೆ ಬೇಡವೆಂದೆಯೆಂದು ಕೇಳಿದನು. ತನಗೆ ನೋವಾಗಲಿಲ್ಲವೆಂದು ನಾಚುತ್ತ ಹೇಳಿದ ಆಕೆ, ನೋಯಲೇಬೇಕೆಂಬ ನಿಯಮವಿದೆಯೇ ಎಂದು ವೈದ್ಯನನ್ನೇ ತಿರುಗಿ ಕೇಳಿದಳು. ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಆತನ ಬದುಕಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ಗ್ಯಾಲಿಪೊಲಿಯಲ್ಲಿ ಗಾಯಗೊಂಡು ಬದುಕಿ ಬಂದ ಮೇಲೆ ಆತನ ವಿಚಾರ ಬಲಿಯಿತು. ಗರ್ಭಾಶಯದ ಮೇಲಣ ಸ್ನಾಯುಗಳು ಕೂಸನ್ನು ಕೆಳಕ್ಕೆ ಒತ್ತುವಾಗ ಅದರ ಬಾಯಿ ಸಡಿಲಗೊಂಡು ದಾರಿ ಬಿಡಬೇಕು. ಹೆದರಿದ ಮೈ ಬಿಗಿಯುತ್ತದೆ. ಬಿಡಬೇಕಾದ ಬಾಯಿಯೂ ಬಿಗಿಯುತ್ತದೆ. ಆ ಸೆಣಸಾಟದಿಂದ ನೋವು, ನೋವಿನಿಂದ ಮತ್ತಷ್ಟು ಹೆದರಿಕೆ. ಈ ಸುಳಿಯನ್ನು ಮುರಿಯಲು ಆತನು ಹಿಡಿದ ಬಗೆ ಸರಳವಾದುದು. ಬಸಿರಿನ ತಿಂಗಳುಗಳಲ್ಲಿಯೇ ತಾಯಿಗೆ ಹೆರಿಗೆಯ ಒಂದೊಂದು ಹಂತವನ್ನೂ ಬಿಡಿಸಿ ಹೇಳುವುದು. ಬೇನೆ ಬಂದಾಗ ಉಸಿರಾಡುವ ಕ್ರಮವನ್ನೂ ಅಂಗಾಂಗಗಳನ್ನು ಸಡಿಲ ಬಿಡುವ ಅಭ್ಯಾಸವನ್ನೂ ಕಲಿಸುವುದು. ಎಲ್ಲಕ್ಕಿಂತ ಮಿಗಿಲಾಗಿ, ಹೆರುವವಳನ್ನು ಒಂಟಿಯಾಗಿ ಬಿಡದಿರುವುದು.

1933ರಲ್ಲಿ ಸಹಜ ಪ್ರಸವವನ್ನು ಕುರಿತ ಪುಸ್ತಕ ಹೊರಬಂದಾಗ ವೃತ್ತಿಬಾಂಧವರಲ್ಲಿ ಹಲವರು ಹಳಿದರು. 1942ರ ಎರಡನೆಯ ಪುಸ್ತಕ, ಭಯವಿಲ್ಲದ ಹೆರಿಗೆಯೆಂಬ ಅರ್ಥದ ಹೆಸರಿನಲ್ಲಿ 1944ರಲ್ಲಿ ಅಮೆರಿಕವನ್ನು ಮುಟ್ಟಿ, ಆತನ ಹೆಸರನ್ನು ಸಾಗರದಾಚೆಗೂ ಹಬ್ಬಿಸಿತು. ವೈದ್ಯರಿಗಿಂತ ಮೊದಲು ತಾಯಂದಿರು ಆತನನ್ನು ಒಪ್ಪಿದರು.

ಆದರೆ ಡಿಕ್-ರೀಡನ ಮಾತನ್ನೆಲ್ಲ ತಲೆಬಾಗಿ ಒಪ್ಪಬೇಕಾಗಿಲ್ಲ. ತಾಯ್ತನವೊಂದೇ ಹೆಣ್ಣಿನ ಸಾರ್ಥಕ್ಯವೆಂಬ ಆತನ ನಂಬಿಕೆ ಇಂದು ಕಿರಿದಾಗಿ ಕಾಣುತ್ತದೆ. ನೋವೆಲ್ಲ ಭಯದ ಕೂಸಲ್ಲ. ಮಗು ಓರೆಯಾಗಿ ನಿಂತಾಗ, ಬೇನೆ ದಿನಗಟ್ಟಲೆ ಎಳೆದಾಗ ಎಂಥ ಧೀರೆಯೂ ನರಳುತ್ತಾಳೆ. ಎಲ್ಲವನ್ನೂ ಕಲಿತು ಹೋಗಿಯೂ ಕೂಗಿಕೊಂಡ ತಾಯಿಗೆ ತಾನು ಸೋತೆನೆಂಬ ನಾಚಿಕೆಯನ್ನು ಈ ವಾದ ಉಳಿಸಿತೆಂಬ ಆಕ್ಷೇಪಣೆ ನಿಜವಾದುದೇ. ಆತನ ಪರವಾಗಿ ಒಂದು ಮಾತು: ನೋವು ಕಳೆಯುವ ಔಷಧವನ್ನು ಆತನು ನಿಷೇಧಿಸಲಿಲ್ಲ, ಬೇಕೆಂದವಳಿಗೆ ಕೈಗೆಟಕುವಂತಿರಬೇಕೆಂದನು. ಒಂಟಿಯಾಗಿ ಬಿಡಬಾರದೆಂಬ ಮಾತನ್ನಂತೂ ಮುಂದಿನ ಸಂಶೋಧನೆಗಳು ಎತ್ತಿಹಿಡಿದವು.

ಕೆಲಕಾಲ ದಕ್ಷಿಣ ಆಫ್ರಿಕದಲ್ಲಿದ್ದು ಇಂಗ್ಲೆಂಡಿಗೆ ಮರಳಿದ ಆತನು 1959ರಲ್ಲಿ ತೀರಿಕೊಂಡನು. ಅದಕ್ಕೆ ಮೂರು ವರ್ಷ ಮುಂಚೆ, 1956ರಲ್ಲಿ, ಆತನ ಬೋಧನೆಯನ್ನು ಹರಡಲು ಒಂದು ಸಂಘ ಹುಟ್ಟಿತು. ಆತನೇ ಮೊದಲ ಅಧ್ಯಕ್ಷ. ಅದನ್ನು ಕಟ್ಟಲು ಹೊರಟವಳು ವೈದ್ಯೆಯಲ್ಲ. ತನ್ನ ಕೂಸನ್ನು ಕಳೆದುಕೊಂಡಿದ್ದ ಪ್ರುನೆಲ್ಲಾ ಬ್ರಯನ್ಸ್ ಎಂಬ ತಾಯಿ. ಆಕೆ ಪತ್ರಿಕೆಯಲ್ಲೊಂದು ಪ್ರಕಟಣೆ ಕೊಟ್ಟು, ತನ್ನಂಥ ಹೆಂಗಸರನ್ನು ಕರೆದಳು. ಅವರು ಬಂದರು.