ಹಬೆಯನ್ನು ಹಿಡಿದ ಬ್ಯಾಗ್ನಾಲ್ಡ್



ಈ ಸಲ ನಾನು ರಾಲ್ಫ್ ಬ್ಯಾಗ್ನಾಲ್ಡ್ ಎಂಬುವರ ಜೀವನ ಚರಿತ್ರೆ ಬರೆಯುತ್ತಿದ್ದೇನೆ. ಇವರು ಸೈನಿಕರು, ಇಂಜಿನಿಯರು, ವಿಜ್ಞಾನಿ ಎಲ್ಲವೂ ಹೌದು. ಮರಳಿನ ವಿಜ್ಞಾನದಲ್ಲಿ ಇವರದು ದೊಡ್ಡ ಹೆಸರು. ಆದರೆ ನನಗೆ ತುಂಬಾ ಹಿಡಿಸಿದ್ದು ಇವರು ಕಾರಿಗೆ ಕಟ್ಟಿದ ಒಂದು ಸಾಧಾರಣ ಡಬ್ಬಿ.

ಬ್ಯಾಗ್ನಾಲ್ಡ್ 1896ರ ಏಪ್ರಿಲ್ 3ರಂದು ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ ಹುಟ್ಟಿದರು. ತಂದೆ ಸೈನ್ಯದಲ್ಲಿ ಇಂಜಿನಿಯರ್. ಅಕ್ಕ ಎನಿಡ್ ಮುಂದೆ ಹೆಸರಾಂತ ಲೇಖಕಿಯಾದರು. ಬ್ಯಾಗ್ನಾಲ್ಡ್ 1915ರಲ್ಲಿ ಸೈನ್ಯ ಸೇರಿ, ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸಿನ ಕಂದಕಗಳಲ್ಲಿ ದುಡಿದರು. ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ನಲ್ಲಿ ಇಂಜಿನಿಯರಿಂಗ್ ಓದಿ ಮತ್ತೆ ಸೈನ್ಯಕ್ಕೇ ಬಂದರು. 1920ರ ದಶಕದಲ್ಲಿ ಅವರಿಗೆ ಈಜಿಪ್ಟ್‌ಗೆ ವರ್ಗವಾಯಿತು.

ರಜೆ ಸಿಕ್ಕರೆ ಸಾಕು, ಅವರು ಗೆಳೆಯರ ಜೊತೆ ಹಳೇ ಫೋರ್ಡ್ ಕಾರು ಹತ್ತಿ ಮರುಭೂಮಿಗೆ ಹೋಗಿಬಿಡ್ತಿದ್ದರು. ನೈಲ್ ನದಿಯ ಪಶ್ಚಿಮಕ್ಕೆ ಲಿಬಿಯಾ ಮರುಭೂಮಿ. ನೂರಾರು ಮೈಲಿ ಹೋದರೂ ಒಂದು ಬಾವಿ ಇಲ್ಲ, ಒಂದು ಮರ ಇಲ್ಲ. ಕುಡಿಯೋ ನೀರನ್ನೂ ಕಾರಿನಲ್ಲೇ ಹೊರಬೇಕು. ಆ ನೀರಿಗೆ ಇನ್ನೊಬ್ಬ ಪಾಲುದಾರ ಇತ್ತು. ಅದೇ ಕಾರಿನ ರೇಡಿಯೇಟರ್!

ಇಂಜಿನ್ ಒಳಗೆ ಪೆಟ್ರೋಲ್ ಉರಿದಾಗ ಬರುವ ಶಾಖದಲ್ಲಿ ಸ್ವಲ್ಪ ಭಾಗ ಮಾತ್ರ ಚಕ್ರ ತಿರುಗಿಸುತ್ತದೆ. ಉಳಿದದ್ದು ಹೊರಗೆ ಹೋಗಲೇಬೇಕು, ಇಲ್ಲದಿದ್ದರೆ ಇಂಜಿನ್ ಸುಟ್ಟು ಹಿಡಿದುಕೊಳ್ಳುತ್ತದೆ. ಇಂಜಿನ್ ಸುತ್ತ ಹರಿಯುವ ನೀರು ಆ ಶಾಖವನ್ನು ಹೊತ್ತು ರೇಡಿಯೇಟರಿಗೆ ತರುತ್ತದೆ. ಅಲ್ಲಿ ಸಣ್ಣ ಸಣ್ಣ ಕೊಳವೆಗಳ ಮೇಲೆ ಗಾಳಿ ಬೀಸಿ ನೀರು ತಣ್ಣಗಾಗುತ್ತದೆ. ಆದರೆ ಮರಳಲ್ಲಿ ಕಾರು ಸಣ್ಣ ಗೇರಿನಲ್ಲಿ ತೆವಳುತ್ತದೆ. ಇಂಜಿನ್‌ಗೆ ದುಡಿಮೆ ಜಾಸ್ತಿ, ಮುಂದಿನಿಂದ ಬರೋ ಗಾಳಿ ಕಡಿಮೆ. ಹಿಂದಿನಿಂದ ಗಾಳಿ ಬೀಸಿದರಂತೂ ಮುಗೀತು. ನೀರು ಕುದಿದು ಹಬೆಯಾಗಿ ಹೋಗುತ್ತದೆ. ಕಾರಿಗೆ ಹಾಕಿದಷ್ಟೂ ನೀರು ಮನುಷ್ಯರಿಗೆ ಕಡಿಮೆ. ಹಾಕದೇ ಇದ್ದರೆ ಕಾರು ನಿಲ್ಲುತ್ತದೆ. ಅಲ್ಲಿ ಕಾರು ನಿಂತರೆ ಸಾವೇ.

ನೀರು ಎಲ್ಲಿಗೆ ಹೋಗುತ್ತೆ? ಹಬೆಯೂ ನೀರೇ ತಾನೆ! ಅನ್ನದ ಪಾತ್ರೆಯ ಮುಚ್ಚಳದಲ್ಲಿ ಹನಿ ನಿಲ್ಲೋದನ್ನು ನಾವು ದಿನಾ ನೋಡ್ತೇವೆ. ಬ್ಯಾಗ್ನಾಲ್ಡರು ರೇಡಿಯೇಟರಿನಿಂದ ಹಬೆ ಹೊರಗೆ ಹೋಗುವ ದಾರಿಯನ್ನೆಲ್ಲ ಮುಚ್ಚಿ, ಒಂದು ಕೊಳವೆ ಮಾತ್ರ ಬಿಟ್ಟು, ಅದನ್ನು ಕಾರಿನ ಪಕ್ಕಕ್ಕೆ ಕಟ್ಟಿದ ಡಬ್ಬಿಗೆ ಇಳಿಸಿದರು. ಡಬ್ಬಿಯಲ್ಲಿ ಅರ್ಧ ತಣ್ಣೀರು. ಹಬೆ ಅದರೊಳಗೆ ಹೋಗಿ ಮತ್ತೆ ನೀರಾಗುತ್ತಿತ್ತು. ಡಬ್ಬಿಯೂ ಕುದಿಯತೊಡಗಿದರೆ ಕಾರನ್ನು ಗಾಳಿಗೆ ಎದುರಾಗಿ ತಿರುಗಿಸಿ ನಿಲ್ಲಿಸಬೇಕು. ಸ್ವಲ್ಪ ಹೊತ್ತಿಗೆ ರೇಡಿಯೇಟರ್ ತಣ್ಣಗಾಗಿ, ಒಳಗಿನ ಹಬೆ ಕುಗ್ಗಿ, ಡಬ್ಬಿಯ ನೀರು ಗುಳುಗುಳು ಅಂತ ತಾನಾಗೇ ವಾಪಸ್ಸು ಹೋಗುತ್ತಿತ್ತು! ಇಂಥ ಡಬ್ಬಿ ಮೊದಲನೇ ಮಹಾಯುದ್ಧದ ಕಾಲದಲ್ಲೇ ಅದೇ ಮರುಭೂಮಿಯ ಸೈನ್ಯದ ಫೋರ್ಡ್ ಕಾರುಗಳಲ್ಲಿತ್ತು. ಅದನ್ನು ಚೆನ್ನಾಗಿ ಬಳಸಿ, ಯಾರೂ ಕಾರಿನಲ್ಲಿ ಹೋಗದ ಕಡೆಗೆ ಹೋದವರು ಬ್ಯಾಗ್ನಾಲ್ಡ್.

1929, 1930 ಮತ್ತು 1932ರಲ್ಲಿ ಅವರು ಮಾಡಿದ ಯಾತ್ರೆಗಳು ಪ್ರಸಿದ್ಧ. ಕಾರು ದಾಟಲಾರದು ಅಂತ ಎಲ್ಲರೂ ನಂಬಿದ್ದ ಮರಳು ಬೆಟ್ಟಗಳನ್ನು ದಾಟಿದರು. ಟೈರಿನ ಗಾಳಿ ಕಡಿಮೆ ಮಾಡುವುದು, ಚಕ್ರ ಹೂತರೆ ಕಬ್ಬಿಣದ ತಗಡು ಕೊಡುವುದು, ಸೂರ್ಯನ ನೆರಳಿನಿಂದ ದಿಕ್ಕು ತಿಳಿಯುವುದು, ಇವೆಲ್ಲ ಅವರ ಉಪಾಯಗಳು. 1940ರಲ್ಲಿ ಎರಡನೇ ಮಹಾಯುದ್ಧದಲ್ಲಿ ಮರುಭೂಮಿಯ ಪಡೆಯೊಂದನ್ನು ಕಟ್ಟಿದಾಗ ಅದರ ಲಾರಿಗಳಿಗೂ ಡಬ್ಬಿ ಬಂತು. 1941ರಲ್ಲಿ ಮರಳು ಗಾಳಿಗೆ ಹೇಗೆ ಚಲಿಸುತ್ತದೆ ಎಂಬ ಬಗ್ಗೆ ಅವರ ಗ್ರಂಥ ಪ್ರಕಟವಾಯಿತು. 1944ರಲ್ಲಿ ರಾಯಲ್ ಸೊಸೈಟಿಯ ಸದಸ್ಯರಾದರು. 1990ರ ಮೇ 28ರಂದು, 94ನೇ ವಯಸ್ಸಿನಲ್ಲಿ ತೀರಿಕೊಂಡರು. 2015ರಲ್ಲಿ ಕ್ಯೂರಿಯಾಸಿಟಿ ಎಂಬ ಯಂತ್ರ ಮಂಗಳ ಗ್ರಹದಲ್ಲಿ ಪರೀಕ್ಷಿಸಿದ ಮರಳ ದಿಬ್ಬಗಳಿಗೆ ಇವರ ಹೆಸರೇ ಇದೆ.

ಇವತ್ತಿನ ಅನೇಕ ಕಾರುಗಳಲ್ಲಿ ರೇಡಿಯೇಟರ್ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿ ಇರುತ್ತದೆ. ಬಿಸಿಯಾದಾಗ ಹೆಚ್ಚಾದ ನೀರು ಅದಕ್ಕೆ ಬಂದು, ಆರಿದಾಗ ವಾಪಸ್ಸು ಹೋಗುತ್ತದೆ. ಅದೇ ಉಪಾಯ! ಮನೆಯಲ್ಲಿ ಟ್ರಾಕ್ಟರ್, ಜೀಪು ಇರುವವರು ಬೇಸಿಗೆಯಲ್ಲಿ ಇಷ್ಟು ನೆನಪಿಡಿ:

1. ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬಾರದು. ಒಳಗಿನ ಒತ್ತಡಕ್ಕೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.
2. ಕಾದ ಇಂಜಿನ್‌ಗೆ ಒಮ್ಮೆಲೇ ತಣ್ಣೀರು ಸುರಿದರೆ ಬಿರುಕು ಬಿಡಬಹುದು. ಆರಲು ಬಿಡಿ.
3. ರೇಡಿಯೇಟರ್ ಸಂದುಗಳಲ್ಲಿ ಕೂತ ಹೊಟ್ಟು, ಧೂಳು ತೆಗೆಯಿರಿ. ಗಾಳಿ ಆಡಬೇಕು.
4. ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಒಳಗೆ ಪೊರೆ ಕಟ್ಟುತ್ತದೆ. ಕೂಲೆಂಟ್ ಹಾಕಿಸುವುದು ಒಳ್ಳೆಯದು.
5. ನೀರು ಪದೇ ಪದೇ ಕಡಿಮೆಯಾದರೆ ತುಂಬಿಸಿ ಸುಮ್ಮನಾಗಬೇಡಿ. ಎಲ್ಲಿ ಸೋರುತ್ತದೆ ಅಂತ ಹುಡುಕಿ.

ಗೆಳೆಯರೇ, ಬ್ಯಾಗ್ನಾಲ್ಡರು ಹೆಚ್ಚು ನೀರು ಹೊರುವುದಕ್ಕಿಂತ, ಇರುವ ನೀರು ಪೋಲಾಗದ ಹಾಗೆ ನೋಡಿಕೊಂಡರು. ನೀರಿಗೆ ಕೊಡ ಹಿಡಿದು ಸಾಲಲ್ಲಿ ನಿಲ್ಲುವ ನಮಗೆ ಇದಕ್ಕಿಂತ ಒಳ್ಳೇ ಪಾಠ ಬೇಕೆ?