ಮಕ್ಕಳ ಚಿತ್ರಲೋಕದ ಕಾಯಕಯೋಗಿ ಉಪೇಂದ್ರಕಿಶೋರ ರಾಯಚೌಧುರಿ

ಅಕ್ಷರಜ್ಞಾನಕ್ಕೆ ಮೊದಲೇ ಶಿಶುವಿಗೆ ಚಿತ್ರಜ್ಞಾನ ಉಂಟಾಗುತ್ತದೆ. ಓದಲರಿಯದ ಮಗುವೂ ಪುಸ್ತಕದ ಪುಟದಲ್ಲಿ ಹುಲಿಯನ್ನು ಕಂಡು ಬೆದರುತ್ತದೆ, ಹಕ್ಕಿಯನ್ನು ಕಂಡು ನಲಿಯುತ್ತದೆ. ಆದುದರಿಂದ ಮಕ್ಕಳ ಪುಸ್ತಕದ ಚಿತ್ರಕಾರನು ಒಂದರ್ಥದಲ್ಲಿ ಮಗುವಿನ ಮೊದಲ ಗುರು. ಆ ಗುರುಸ್ಥಾನದ ಹೊಣೆಯನ್ನರಿತು ತನು ಮನ ಧನಗಳನ್ನು ಸವೆಸಿದ ಮಹನೀಯರಲ್ಲಿ ವಂಗದೇಶದ ಉಪೇಂದ್ರಕಿಶೋರ ರಾಯಚೌಧುರಿಯವರು ಅಗ್ರಗಣ್ಯರು.

ಇಂದು ಬಾಂಗ್ಲಾದೇಶಕ್ಕೆ ಸೇರಿರುವ, ಅಂದಿನ ಮೈಮನಸಿಂಗ್ ಜಿಲ್ಲೆಯ ಮಸೂಯಾ ಗ್ರಾಮದಲ್ಲಿ 1863ನೆಯ ಇಸವಿ ಮೇ 12ರಂದು ಅವರ ಜನನವಾಯಿತು. ಹೆತ್ತವರಿಟ್ಟ ಹೆಸರು ಕಾಮದಾರಂಜನ. ಐದು ವರ್ಷದ ಎಳವೆಯಲ್ಲಿಯೇ ಬಂಧುಗಳಾದ ಜಮೀನುದಾರ ಹರಿಕಿಶೋರರು ಬಾಲಕನನ್ನು ದತ್ತು ಪಡೆದು ಉಪೇಂದ್ರಕಿಶೋರನೆಂದು ನಾಮಕರಣ ಮಾಡಿದರು. ವಿದ್ಯಾಭ್ಯಾಸಕ್ಕೆಂದು ಕಲ್ಕತ್ತೆಗೆ ಬಂದ ಅವರು 1884ರಲ್ಲಿ ಬಿ.ಎ. ಪದವಿ ಗಳಿಸಿದರು, ಬ್ರಾಹ್ಮಸಮಾಜವನ್ನು ಸೇರಿದರು. ಪಿಟೀಲು, ಪಖವಾಜುಗಳಲ್ಲಿ ಪರಿಶ್ರಮವಿದ್ದರೂ ಅವರ ಅಂತರಂಗವನ್ನು ಸೆಳೆದದ್ದು ಮಕ್ಕಳ ಕಥೆ ಮತ್ತು ಚಿತ್ರ.

ಮಕ್ಕಳಿಗಾಗಿ ತಿಳಿಗನ್ನಡಿಯಂತಹ ಬಂಗಾಳಿಯಲ್ಲಿ ರಾಮಾಯಣವನ್ನು ಬರೆದು, ಅದಕ್ಕೆ ಚಿತ್ರಗಳನ್ನೂ ತಾವೇ ರಚಿಸಿದರು. ಆದರೆ ಮರದಚ್ಚಿನಲ್ಲಿ ಕೆತ್ತಿ ಮುದ್ರಿಸಿದಾಗ ಆ ಚಿತ್ರಗಳು ಅಂದಗೆಟ್ಟವು. ಕುಂಚದ ನಯವೆಲ್ಲ ಉಳಿಯ ಬಾಯಿಗೆ ತುತ್ತಾಯಿತು. ದೋಷ ಮುದ್ರಣದ್ದೆಂದು ಅವರು ಕೈತೊಳೆದುಕೊಳ್ಳಬಹುದಿತ್ತು. ಮಕ್ಕಳ ಪುಸ್ತಕಕ್ಕೆ ಇಷ್ಟು ಸಾಕೆಂದು ಸುಮ್ಮನಿರಬಹುದಿತ್ತು. ಉಪೇಂದ್ರಕಿಶೋರರು ಎರಡನ್ನೂ ಮಾಡಲಿಲ್ಲ. ಮುದ್ರಣವಿದ್ಯೆಯನ್ನೇ ಬುಡದಿಂದ ಕಲಿಯಲು ಸಂಕಲ್ಪಿಸಿದರು.

1895ರಲ್ಲಿ ಇಂಗ್ಲೆಂಡಿನಿಂದ ಗ್ರಂಥಗಳನ್ನೂ ಕ್ಯಾಮೆರಾ ಮೊದಲಾದ ಸಲಕರಣೆಗಳನ್ನೂ ತರಿಸಿಕೊಂಡು, ಹಾಫ್‌ಟೋನ್ ಅಚ್ಚು ತಯಾರಿಸುವ ಪ್ರಯೋಗಕ್ಕೆ ತೊಡಗಿದರು. ಸೂಕ್ಷ್ಮಗೆರೆಗಳ ಜಾಲವುಳ್ಳ ಗಾಜಿನ ಮೂಲಕ ಚಿತ್ರವನ್ನು ಛಾಯಾಗ್ರಹಣ ಮಾಡಿದರೆ ಅದು ಅಸಂಖ್ಯ ಚುಕ್ಕೆಗಳಾಗಿ ಒಡೆಯುತ್ತದೆ. ನೆರಳಿದ್ದೆಡೆ ಚುಕ್ಕೆ ದಪ್ಪ, ಬೆಳಕಿದ್ದೆಡೆ ಕಿರಿದು. ಲೋಹದ ಅಚ್ಚಿನಲ್ಲಿ ಮೂಡಿದ ಆ ಚುಕ್ಕೆಗಳೇ ಕಾಗದದ ಮೇಲೆ ಚಿತ್ರದ ನಸುನೆರಳುಗಳನ್ನೆಲ್ಲ ಮರಳಿ ಕೊಡುತ್ತವೆ. ಗಾಜಿಗೂ ತಟ್ಟೆಗೂ ಇರಬೇಕಾದ ಅಂತರವನ್ನು ಅಂದಾಜಿನಿಂದ ಗೊತ್ತುಮಾಡುತ್ತಿದ್ದ ಕಾಲದಲ್ಲಿ ಅವರು ಅದನ್ನು ಗಣಿತಶಾಸ್ತ್ರದ ತಳಹದಿಯ ಮೇಲೆ ನಿಲ್ಲಿಸಿದರು. ಲಂಡನ್ನಿನ ಹೆಸರಾಂತ ಮುದ್ರಣ ವಾರ್ಷಿಕವಾದ ಪೆನ್‌ರೋಸ್ ಸಂಪುಟಗಳಲ್ಲಿ 1897ರಿಂದ ಮೊದಲ್ಗೊಂಡು ಅವರ ಪ್ರಬಂಧಗಳು ಪ್ರಕಟವಾದವು. ಕಡಲು ದಾಟದೆಯೇ ಅವರು ಕಡಲಾಚೆಯ ಕುಶಲಿಗಳಿಗೆ ಪಾಠ ಹೇಳಿದರು. ಈ ಸಾಧನೆಯೆಲ್ಲದರ ಮೂಲ ಮಕ್ಕಳ ಪುಸ್ತಕದ ಒಂದು ಕೆಟ್ಟ ಚಿತ್ರವೆಂಬುದು ವಿಸ್ಮಯಕರವಾದ ಸಂಗತಿ.

1910ರಲ್ಲಿ ಹೊರಬಂದ 'ಟುನ್‌ಟುನಿರ್ ಬೋಯಿ' ಅವರ ಕೀರ್ತಿಕಲಶ. ಪೂರ್ವವಂಗದ ಅಜ್ಜಿಯರು ಹೇಳುತ್ತಿದ್ದ ಕಥೆಗಳ ಸಂಕಲನವಿದು. ದರ್ಜಿಹಕ್ಕಿ, ಬೆಕ್ಕು, ಹುಲಿ, ನರಿಗಳೇ ಇಲ್ಲಿಯ ಪಾತ್ರಗಳು. ಪಾಠಶಾಲೆ ತೆರೆದ ನರಿಪಂಡಿತನನ್ನು ನಂಬಿ ಮೊಸಳೆಯು ತನ್ನ ಏಳು ಮರಿಗಳನ್ನು ಒಪ್ಪಿಸುತ್ತದೆ; ಪಂಡಿತನು ದಿನಕ್ಕೊಂದನ್ನು ನುಂಗಿ, ಉಳಿದವನ್ನೇ ಮತ್ತೆ ಮತ್ತೆ ಎತ್ತಿ ತೋರಿಸಿ ಲೆಕ್ಕ ಒಪ್ಪಿಸುತ್ತಾನೆ! ಮಕ್ಕಳಿಗೆ ನಗೆಯುಕ್ಕಿಸುವ ಈ ಕಥೆ ಅಧ್ಯಾಪಕವರ್ಗಕ್ಕೆ ಒಂದು ಎಚ್ಚರಿಕೆಯೂ ಹೌದು.

1913ರಲ್ಲಿ 'ಸಂದೇಶ್' ಎಂಬ ಮಕ್ಕಳ ಮಾಸಪತ್ರಿಕೆ ಉದಯಿಸಿತು. ಬಂಗಾಳಿಯಲ್ಲಿ ಆ ಪದಕ್ಕೆ ಸುದ್ದಿ, ಸಿಹಿತಿಂಡಿ ಎಂಬ ಎರಡರ್ಥಗಳುಂಟು. ಪತ್ರಿಕೆ ಎರಡನ್ನೂ ಸಾರ್ಥಕಗೊಳಿಸಿತು. ಲೇಖನ, ಚಿತ್ರ, ಮುದ್ರಣ ಮೂರರಲ್ಲಿಯೂ ಅವರದೇ ಕೈ. ಆದರೆ ವಿಧಿಯು ಹೆಚ್ಚು ಕಾಲ ಕೊಡಲಿಲ್ಲ. ಮಧುಮೇಹದಿಂದ ಬಳಲಿ 1915ರ ಡಿಸೆಂಬರ್ 20ರಂದು, ಐವತ್ತೆರಡನೆಯ ವಯಸ್ಸಿನಲ್ಲಿ ಅವರು ದಿವಂಗತರಾದರು. ಪತ್ರಿಕೆಯ ಭಾರ ಹೊತ್ತ ಪುತ್ರ ಸುಕುಮಾರ ರಾಯರೂ 1923ರಲ್ಲಿ ಅಕಾಲಮೃತ್ಯುವಿಗೆ ಈಡಾದರು. ಮುಂದೆ ಮುದ್ರಣಾಲಯವೂ ಮನೆತನದ ಕೈತಪ್ಪಿತು.

ಆದರೂ ಬಿತ್ತಿದ ಬೀಜ ಬರಡಾಗಲಿಲ್ಲ. ಅಜ್ಜನನ್ನು ಕಣ್ಣಾರೆ ಕಾಣದ ಮೊಮ್ಮಗ, ಚಲಚ್ಚಿತ್ರ ನಿರ್ದೇಶಕ ಸತ್ಯಜಿತ್ ರಾಯ್ ಅವರು 1961ರಲ್ಲಿ 'ಸಂದೇಶ್' ಪತ್ರಿಕೆಗೆ ಮರುಜನ್ಮವಿತ್ತರು. ಅಜ್ಜನ ಗೂಪಿ-ಬಾಘಾ ಕಥೆಯನ್ನು ಚಲಚ್ಚಿತ್ರವಾಗಿಸಿ, 1969ರಲ್ಲಿ ಅದನ್ನು ನಾಡಿನ ಮುಂದಿಟ್ಟರು.

ಮಾಡುವ ಕೆಲಸದಲ್ಲಿ ಹಿರಿದು ಕಿರಿದೆಂಬ ಭೇದವಿಲ್ಲ, ಮಾಡುವ ನಿಷ್ಠೆಯಲ್ಲಿ ಮಾತ್ರ ಭೇದವುಂಟು ಎಂಬುದು ಶರಣರ ಕಾಯಕತತ್ತ್ವದ ಸಾರ. ಆ ಹೆಸರನ್ನು ಹೇಳದೆಯೇ ಉಪೇಂದ್ರಕಿಶೋರರು ಆ ತತ್ತ್ವವನ್ನು ಬಾಳಿದರು. ಮಕ್ಕಳಿಗೆ ತಾನೇ, ಇಷ್ಟು ಸಾಕು ಎಂಬ ಮಾತು ಬಾಯಿಗೆ ಬಂದಾಗಲೆಲ್ಲ ವಿದ್ಯಾದಾನದಲ್ಲಿ ತೊಡಗಿರುವವರೆಲ್ಲರೂ ಅವರನ್ನು ನೆನೆಯುವುದು ಶ್ರೇಯಸ್ಕರ.