ಟಿ. ಎಸ್. ಸತ್ಯನ್

ಟಿ. ಎಸ್. ಸತ್ಯನ್ (ಡಿಸೆಂಬರ್ 18, 1923 – ಡಿಸೆಂಬರ್ 13, 2009) ಮೈಸೂರಿನವರಾದ ಖ್ಯಾತ ಛಾಯಾಗ್ರಾಹಕರು ಮತ್ತು ಲೇಖಕರು. ಭಾರತದಲ್ಲಿ ಛಾಯಾಚಿತ್ರ ಪತ್ರಿಕೋದ್ಯಮವನ್ನು ಪೂರ್ಣಕಾಲಿಕ ವೃತ್ತಿಯನ್ನಾಗಿ ಕೈಗೊಂಡ ಮೊದಲ ತಲೆಮಾರಿನವರಲ್ಲಿ ಒಬ್ಬರು. ಸ್ಟುಡಿಯೋದ ಪರದೆಯ ಮುಂದೆ ಜನರನ್ನು ಕೂರಿಸಿ ಚಿತ್ರ ತೆಗೆಯುವುದಕ್ಕಿಂತ, ಜನರು ಇರುವ ಮನೆ, ಬೀದಿ, ಗದ್ದೆ, ಶಾಲೆ ಮತ್ತು ಆಸ್ಪತ್ರೆಗಳಿಗೇ ಕ್ಯಾಮೆರಾವನ್ನು ಕೊಂಡೊಯ್ಯುವುದು ಅವರ ಕಾರ್ಯವಿಧಾನವಾಗಿತ್ತು. ಸಾಮಾನ್ಯ ಜನರ, ಅದರಲ್ಲೂ ಮಕ್ಕಳ, ಕಪ್ಪು-ಬಿಳುಪು ಚಿತ್ರಗಳಿಂದ ಅವರು ದೇಶ ವಿದೇಶಗಳಲ್ಲಿ ಹೆಸರಾದರು. 1977ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿ ನೀಡಿ ಗೌರವಿಸಿತು.

ಜನನ ಮತ್ತು ವಿದ್ಯಾಭ್ಯಾಸ

ಸತ್ಯನ್ ಅವರ ಪೂರ್ಣ ಹೆಸರು ತಂಬ್ರಹಳ್ಳಿ ಸುಬ್ರಹ್ಮಣ್ಯ ಸತ್ಯನಾರಾಯಣ ಅಯ್ಯರ್. ಈ ಉದ್ದನೆಯ ಹೆಸರು ಚಿತ್ರಗಳ ಕೆಳಗೆ ಮುದ್ರಣವಾಗುವಾಗ ‘ಸತ್ಯನ್’ ಎಂದು ಚಿಕ್ಕದಾಯಿತು. ಅವರು ಜನಿಸಿದ್ದು ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಆ ಕಾಲದಲ್ಲಿ ಮೈಸೂರು ವಿದ್ಯೆ ಮತ್ತು ಕಲೆಗಳ ಕೇಂದ್ರವಾಗಿತ್ತು. ಮೈಸೂರು ಜಿಲ್ಲೆಯ ವ್ಯಾಪ್ತಿಯೂ ಆಗ ದೊಡ್ಡದಾಗಿತ್ತು. 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದ ಚಾಮರಾಜನಗರ, ಅದರ ಗುಂಡ್ಲುಪೇಟೆ ಮತ್ತು ಪುಣಜನೂರು ಕಡೆಯ ಕಾಡಂಚಿನ ಊರುಗಳೂ ಅದರಲ್ಲೇ ಸೇರಿದ್ದವು.

ಬನುಮಯ್ಯ ಶಾಲೆಯಲ್ಲಿ ಓದಿದ ಸತ್ಯನ್, ಮಹಾರಾಜ ಕಾಲೇಜಿನಲ್ಲಿ ಉನ್ನತ ಶಿಕ್ಷಣ ಪಡೆದು 1944ರಲ್ಲಿ ಬಿ.ಎ. ಪದವೀಧರರಾದರು. ಮುಂದೆ ವ್ಯಂಗ್ಯಚಿತ್ರಕಾರರಾಗಿ ಪ್ರಸಿದ್ಧರಾದ ಆರ್. ಕೆ. ಲಕ್ಷ್ಮಣ್ ಮತ್ತು ಪತ್ರಕರ್ತ ಎಚ್. ವೈ. ಶಾರದಾಪ್ರಸಾದ್ ಅವರು ಇದೇ ಕಾಲೇಜಿನಲ್ಲಿ ಓದಿದ ಅವರ ಸಮಕಾಲೀನರು. ವಿದ್ಯಾರ್ಥಿ ದೆಸೆಯಲ್ಲೇ ಸತ್ಯನ್ ಅವರಿಗೆ ಕ್ಯಾಮೆರಾದ ಒಲವು ಅಂಟಿತ್ತು. ಆದರೆ ಕಲಾ ವಿಭಾಗದ ಪದವೀಧರನೊಬ್ಬ ಅಧ್ಯಾಪಕನೋ ಗುಮಾಸ್ತನೋ ಆಗುವುದು ವಾಡಿಕೆಯಾಗಿದ್ದ ದಿನಗಳವು. ಛಾಯಾಗ್ರಹಣವನ್ನೇ ನೆಚ್ಚಿ ಸಂಸಾರ ಸಾಗಿಸುತ್ತೇನೆಂಬ ನಿರ್ಧಾರವು ಸಣ್ಣ ಸಾಹಸವಾಗಿರಲಿಲ್ಲ.

ಆ ಕಾಲದ ಛಾಯಾಗ್ರಹಣ

ಸತ್ಯನ್ ಅವರ ಸಾಧನೆಯನ್ನು ಅರಿಯಲು ಅಂದಿನ ಪರಿಸ್ಥಿತಿಯನ್ನು ತಿಳಿಯಬೇಕು. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಹುಪಾಲು ಕುಟುಂಬಗಳಿಗೆ ಫೋಟೋ ಎಂದರೆ ಮದುವೆ ಮುಂತಾದ ಸಂದರ್ಭಗಳಲ್ಲಿ ತೆಗೆಸುವ ಅಪರೂಪದ ವಸ್ತು. ಬಣ್ಣದ ಪರದೆಯ ಮುಂದೆ, ಒಳ್ಳೆಯ ಉಡುಪು ತೊಟ್ಟು, ಅಲುಗಾಡದೆ ಕುಳಿತು ತೆಗೆಸಿಕೊಂಡ ಚಿತ್ರವೇ ವ್ಯಕ್ತಿಚಿತ್ರವೆನಿಸಿತ್ತು. ಹಣವಿಲ್ಲದವರ ಮುಖಗಳು ಚಿತ್ರಗಳಲ್ಲಿ ಉಳಿಯುತ್ತಿದ್ದುದು ತೀರ ಕಡಿಮೆ.

ಹೊರಗೆ ಹೋಗಿ ಚಿತ್ರ ತೆಗೆಯುವವರಿಗೆ ತೊಡಕುಗಳು ಹಲವಿದ್ದವು. ಅಂದು ಬಳಕೆಯಲ್ಲಿದ್ದ ಜೋಡಿ ಮಸೂರದ ಚೌಕಾಕಾರದ ಕ್ಯಾಮೆರಾಗಳಲ್ಲಿ ಒಂದು ಸುರುಳಿ ಫಿಲ್ಮಿಗೆ 12 ಚಿತ್ರಗಳು ಮಾತ್ರ ದೊರೆಯುತ್ತಿದ್ದವು. 35 ಮಿ.ಮೀ. ಫಿಲ್ಮಿನ ಚಿಕ್ಕ ಕ್ಯಾಮೆರಾಗಳಲ್ಲಿ 36 ಚಿತ್ರಗಳಿಗೆ ಅವಕಾಶವಿತ್ತು. ಫ್ಲ್ಯಾಶ್ ಬಲ್ಬು ಒಂದು ಸಲ ಉರಿದರೆ ಮುಗಿಯಿತು; ಮತ್ತೊಂದು ಚಿತ್ರಕ್ಕೆ ಮತ್ತೊಂದು ಬಲ್ಬು ಬೇಕು. ಬೆಳಕಿನ ಪ್ರಮಾಣವನ್ನು ಅನುಭವದಿಂದ ಅಳೆಯಬೇಕಾಗುತ್ತಿತ್ತು. ಚಿತ್ರ ಸರಿಯಾಗಿ ಬಂದಿದೆಯೇ ಎಂಬುದು ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆದ ಮೇಲಷ್ಟೇ ತಿಳಿಯುತ್ತಿತ್ತು. ಪತ್ರಿಕೆಯಲ್ಲಿ ಅಚ್ಚಾಗಬೇಕಾದರೆ ಆ ಚಿತ್ರದಿಂದ ಲೋಹದ ಬ್ಲಾಕ್ ಮಾಡಿಸಬೇಕು. ದೂರದ ಊರಿನ ಪತ್ರಿಕೆಯಾದರೆ ಮೊದಲು ಅಂಚೆಯಲ್ಲಿ ಕಳುಹಿಸಬೇಕು. ಹೀಗಾಗಿ ಒಂದೊಂದು ಚಿತ್ರವನ್ನೂ ಯೋಚಿಸಿ ತೆಗೆಯುವುದು ಆ ತಲೆಮಾರಿನವರಿಗೆ ಅನಿವಾರ್ಯವಾಗಿತ್ತು.

ವೃತ್ತಿಜೀವನ

1948ರ ಜೂನ್ 17ರಂದು ಬೆಂಗಳೂರಿನಲ್ಲಿ ‘ಡೆಕ್ಕನ್ ಹೆರಾಲ್ಡ್’ ಇಂಗ್ಲಿಷ್ ದಿನಪತ್ರಿಕೆ ಆರಂಭವಾಯಿತು. ಕೆ. ಎನ್. ಗುರುಸ್ವಾಮಿ ಅವರು ಸ್ಥಾಪಿಸಿದ ಈ ಪತ್ರಿಕೆಗೆ ಪೋತನ್ ಜೋಸೆಫ್ ಮೊದಲ ಸಂಪಾದಕರು. ಸತ್ಯನ್ ಅವರು ಆ ಪತ್ರಿಕೆಯ ಆರಂಭದ ದಿನಗಳಲ್ಲೇ ಛಾಯಾಗ್ರಾಹಕರಾಗಿ ಸೇರಿದರು. ಅನಂತರ ಮುಂಬಯಿಯಿಂದ ಪ್ರಕಟವಾಗುತ್ತಿದ್ದ ‘ಇಲ್ಲಸ್ಟ್ರೇಟೆಡ್ ವೀಕ್ಲಿ ಆಫ್ ಇಂಡಿಯಾ’ ವಾರಪತ್ರಿಕೆಯಲ್ಲಿ ಕೆಲಸ ಮಾಡಿದರು. ಚಿತ್ರಗಳಿಗೆ ಪುಟಗಟ್ಟಲೆ ಸ್ಥಳ ಕೊಡುತ್ತಿದ್ದ ಆ ವಾರಪತ್ರಿಕೆಯು ಬಿಡಿ ಚಿತ್ರಗಳ ಬದಲು ಚಿತ್ರಮಾಲಿಕೆಗಳ ಮೂಲಕ ಒಂದು ವಿಷಯವನ್ನು ನಿರೂಪಿಸಲು ಅವಕಾಶ ನೀಡುವಂಥದಾಗಿತ್ತು.

ಮುಂದೆ ಅವರು ಸಂಬಳದ ಕೆಲಸವನ್ನು ಬಿಟ್ಟು ಸ್ವತಂತ್ರ ಛಾಯಾಗ್ರಾಹಕರಾದರು. ಇದು ಅವರ ಜೀವನದ ಮುಖ್ಯ ತಿರುವು. ಸ್ವತಂತ್ರ ಛಾಯಾಗ್ರಾಹಕನಿಗೆ ತಿಂಗಳ ಸಂಬಳವಿಲ್ಲ, ನಿವೃತ್ತಿ ವೇತನವಿಲ್ಲ. ಫಿಲ್ಮು, ಪ್ರಯಾಣ, ಮುದ್ರಣ ಎಲ್ಲಕ್ಕೂ ಮೊದಲು ಕೈಯಿಂದ ಹಣ ಹಾಕಬೇಕು. ಚಿತ್ರ ಸ್ವೀಕೃತವಾದರೆ ಮಾತ್ರ ಸಂಭಾವನೆ. ಛಾಯಾಗ್ರಾಹಕನನ್ನು ವರದಿಗಾರನಿಗೆ ಸಮನೆಂದು ಕಾಣುವ ರೂಢಿಯೂ ಆಗ ಬೆಳೆದಿರಲಿಲ್ಲ. ಇಂಥ ಅನಿಶ್ಚಿತತೆಯ ನಡುವೆಯೂ ಸತ್ಯನ್ ದೀರ್ಘಕಾಲ ದೆಹಲಿಯಲ್ಲಿ ನೆಲೆಸಿ, ದೇಶದ ನಾನಾ ಭಾಗಗಳಲ್ಲಿ ಸಂಚರಿಸಿ ಚಿತ್ರಗಳನ್ನು ತೆಗೆದರು. ‘ಲೈಫ್’, ‘ಟೈಮ್’, ‘ನ್ಯೂಸ್‌ವೀಕ್’ ಮೊದಲಾದ ಅಮೆರಿಕದ ಪತ್ರಿಕೆಗಳೂ ಅವರ ಚಿತ್ರಗಳನ್ನು ಪ್ರಕಟಿಸಿದವು.

ವ್ಯಕ್ತಿಚಿತ್ರಗಳು

ಜವಾಹರಲಾಲ್ ನೆಹರು, ವಿಜ್ಞಾನಿ ಸಿ. ವಿ. ರಾಮನ್, ಕಾದಂಬರಿಕಾರ ಆರ್. ಕೆ. ನಾರಾಯಣ್ ಮುಂತಾದ ಗಣ್ಯರ ಚಿತ್ರಗಳನ್ನು ಸತ್ಯನ್ ತೆಗೆದಿದ್ದಾರೆ. ಆದರೆ ಅವರ ಹೆಸರು ಉಳಿದಿರುವುದು ಗಣ್ಯರ ಚಿತ್ರಗಳಿಂದ ಮಾತ್ರವಲ್ಲ. ಶಾಲೆಯ ಮಕ್ಕಳು, ತಾಯಂದಿರು, ದುಡಿಯುವವರು, ಬೀದಿಯಲ್ಲಿ ಆಡುವ ಹುಡುಗರು ಅವರ ಚಿತ್ರಗಳಲ್ಲಿ ಗಣ್ಯರಷ್ಟೇ ಸ್ಥಾನ ಪಡೆದಿದ್ದಾರೆ.

ಬಡತನವನ್ನು ಚಿತ್ರಿಸುವಾಗ ಛಾಯಾಗ್ರಾಹಕನ ಮುಂದೆ ಒಂದು ನೈತಿಕ ಪ್ರಶ್ನೆ ಸದಾ ಇರುತ್ತದೆ. ನೋಡುವವರ ಮನ ಕಲಕಲೆಂದು ದೈನ್ಯವನ್ನಷ್ಟೇ ತೋರಿಸಿದರೆ, ಚಿತ್ರದಲ್ಲಿರುವವರ ಘನತೆಗೆ ಕುಂದು ಬರುತ್ತದೆ. ಅಂದವನ್ನಷ್ಟೇ ತೋರಿಸಿದರೆ ಸತ್ಯಕ್ಕೆ ಕುಂದು ಬರುತ್ತದೆ. ಸತ್ಯನ್ ಅವರ ಒಳ್ಳೆಯ ಚಿತ್ರಗಳು ಈ ಎರಡನ್ನೂ ತಪ್ಪಿಸಿಕೊಳ್ಳುತ್ತವೆ. ಅವುಗಳಲ್ಲಿರುವ ಮಕ್ಕಳ ಬಟ್ಟೆ ಹರಿದಿರಬಹುದು, ಆದರೆ ಅವರು ಆಟದಲ್ಲಿ, ಓದಿನಲ್ಲಿ, ನಗುವಿನಲ್ಲಿ ಮಗ್ನರಾಗಿರುತ್ತಾರೆ. ಅವರು ಕಾಣುವುದು ಕರುಣೆ ಬೇಡುವವರಂತಲ್ಲ, ತಮ್ಮ ಬದುಕನ್ನು ಬದುಕುತ್ತಿರುವವರಂತೆ. ಕೃತಕ ಅಲಂಕಾರವಿಲ್ಲದ ಸರಳತೆ ಮತ್ತು ಸಹಜತೆ ಈ ಚಿತ್ರಗಳ ಮುಖ್ಯ ಲಕ್ಷಣಗಳು.

ಮಕ್ಕಳು ಮತ್ತು ಆರೋಗ್ಯ ಕುರಿತ ಕಾರ್ಯ

ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಾಗಿ ಸತ್ಯನ್ ಮಾಡಿದ ಕೆಲಸವು ಅವರ ವೃತ್ತಿಜೀವನದ ಮಹತ್ವದ ಭಾಗ. 1970ರ ದಶಕದಲ್ಲಿ ಭಾರತದಲ್ಲಿ ಸಿಡುಬು ನಿರ್ಮೂಲನ ಕಾರ್ಯಕ್ರಮವು ಅಂತಿಮ ಹಂತ ತಲುಪಿತ್ತು. ಜ್ವರ ಮತ್ತು ಮೈತುಂಬ ಗುಳ್ಳೆಗಳಿಂದ ಕೂಡಿದ ಈ ರೋಗವು ಅನೇಕರನ್ನು ಬಲಿ ತೆಗೆದುಕೊಳ್ಳುತ್ತಿತ್ತು. ಬದುಕಿ ಉಳಿದವರ ಮುಖದ ಮೇಲೆ ಕಲೆಗಳನ್ನು ಬಿಡುತ್ತಿತ್ತು, ಕೆಲವರ ಕಣ್ಣುಗಳನ್ನೂ ಕಳೆಯುತ್ತಿತ್ತು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ರೋಗಿಗಳನ್ನು ಗುರುತಿಸಿ, ಅವರನ್ನು ಪ್ರತ್ಯೇಕಿಸಿ, ಸುತ್ತಲಿನವರಿಗೆಲ್ಲ ಲಸಿಕೆ ಹಾಕುತ್ತಿದ್ದರು. ರೋಗಿಯ ಚಿತ್ರವುಳ್ಳ ಗುರುತಿನ ಕಾರ್ಡನ್ನು ಹಳ್ಳಿಗರಿಗೆ ತೋರಿಸಿ, ಇಂಥವರನ್ನು ಕಂಡಿದ್ದೀರಾ ಎಂದು ವಿಚಾರಿಸುವುದು ಶೋಧಕಾರ್ಯದ ಒಂದು ವಿಧಾನವಾಗಿತ್ತು.

ಈ ಹೋರಾಟವನ್ನು ಸತ್ಯನ್ ವಿಶ್ವ ಆರೋಗ್ಯ ಸಂಸ್ಥೆಗಾಗಿ ಚಿತ್ರಗಳಲ್ಲಿ ದಾಖಲಿಸಿದರು. ಭಾರತದಲ್ಲಿ ಕಟ್ಟಕಡೆಯ ಸಿಡುಬು ಪ್ರಕರಣ ಕಂಡುಬಂದದ್ದು 1975ರ ಮೇ ತಿಂಗಳಲ್ಲಿ. 1980ರಲ್ಲಿ ಇಡೀ ಜಗತ್ತು ಸಿಡುಬಿನಿಂದ ಮುಕ್ತವಾಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಭೆಯು ಸಾರಿತು. ಇಂದಿನ ಪೀಳಿಗೆಯು ಕಣ್ಣಾರೆ ಕಾಣದ ರೋಗವೊಂದರ ಕೊನೆಯ ದಿನಗಳಿಗೆ ಇಂಥ ಚಿತ್ರಗಳು ಸಾಕ್ಷಿಯಾಗಿವೆ.

1979ನೆಯ ವರ್ಷವನ್ನು ವಿಶ್ವಸಂಸ್ಥೆಯು ಅಂತಾರಾಷ್ಟ್ರೀಯ ಮಕ್ಕಳ ವರ್ಷವೆಂದು ಆಚರಿಸಿತು. ಆ ಸಂದರ್ಭದಲ್ಲಿ ಯುನಿಸೆಫ್, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಸತ್ಯನ್ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿತು. ಭಾರತದ ಹಳ್ಳಿ ಪಟ್ಟಣಗಳ ಅನಾಮಿಕ ಮಕ್ಕಳ ಮುಖಗಳು ಹೀಗೆ ರಾಷ್ಟ್ರಗಳ ಪ್ರತಿನಿಧಿಗಳು ಓಡಾಡುವ ಕಟ್ಟಡದ ಗೋಡೆಗಳನ್ನು ಅಲಂಕರಿಸಿದವು.

ಬರಹ ಮತ್ತು ಕೃತಿಗಳು

ಸತ್ಯನ್ ಲೇಖನಿಯನ್ನೂ ಸಮರ್ಥವಾಗಿ ಬಳಸಿದರು. ಎಚ್. ವೈ. ಶಾರದಾಪ್ರಸಾದ್ ಅವರ ಬರಹ ಹಾಗೂ ಸತ್ಯನ್ ಅವರ ಚಿತ್ರಗಳಿಂದ ಕೂಡಿದ ‘ಎಕ್ಸ್‌ಪ್ಲೋರಿಂಗ್ ಕರ್ನಾಟಕ’ ಎಂಬ ಇಂಗ್ಲಿಷ್ ಗ್ರಂಥವು ಕರ್ನಾಟಕದ ನಾಡು, ಜನ ಮತ್ತು ಸಂಸ್ಕೃತಿಯನ್ನು ಹೊರಗಿನವರಿಗೆ ಪರಿಚಯಿಸಿತು. ಅವರ ಇಂಗ್ಲಿಷ್ ಆತ್ಮಕಥನ ‘ಅಲೈವ್ ಅಂಡ್ ಕ್ಲಿಕಿಂಗ್’ 2005ರಲ್ಲಿ ಪ್ರಕಟವಾಯಿತು. ‘ಕಾಲಕ್ಕೆ ಕನ್ನಡಿ’ ಅವರ ಕನ್ನಡದ ನೆನಪುಗಳ ಕೃತಿ. ಮಕ್ಕಳ ಹಾಗೂ ಜನಜೀವನದ ಚಿತ್ರಗಳ ಸಂಕಲನವಾದ ‘ಇನ್ ಲವ್ ವಿತ್ ಲೈಫ್’ ಅವರ ಮತ್ತೊಂದು ಪುಸ್ತಕ.

ಕೊನೆಯ ದಿನಗಳು

ದೆಹಲಿಯ ವಾಸದ ನಂತರ ಸತ್ಯನ್ ಹುಟ್ಟೂರಾದ ಮೈಸೂರಿಗೆ ಮರಳಿದರು. ಇಳಿವಯಸ್ಸಿನಲ್ಲಿಯೂ ಬರವಣಿಗೆಯಲ್ಲಿ ತೊಡಗಿದ್ದ ಅವರು, 2009ರ ಡಿಸೆಂಬರ್ 13ರಂದು ಮೈಸೂರಿನಲ್ಲಿ ನಿಧನರಾದರು. ಐದು ದಿನ ಕಳೆದಿದ್ದರೆ ಅವರಿಗೆ 86 ವರ್ಷ ತುಂಬುತ್ತಿತ್ತು.

ಮಹತ್ವ

ಸ್ವಾತಂತ್ರ್ಯಾನಂತರದ ಮೊದಲ ದಶಕಗಳ ಭಾರತದ ಇತಿಹಾಸವನ್ನು ಓದುವವರಿಗೆ ಶಾಸನಗಳು, ಭಾಷಣಗಳು, ಅಂಕಿಅಂಶಗಳು ಹೇರಳವಾಗಿ ದೊರೆಯುತ್ತವೆ. ಆದರೆ ಆ ಕಾಲದ ಶಾಲೆಯ ಹುಡುಗಿ ಹೇಗೆ ಕುಳಿತು ಬರೆಯುತ್ತಿದ್ದಳು, ಲಸಿಕೆ ಹಾಕುವವರ ಮುಂದೆ ಮಗು ಹೇಗೆ ತೋಳು ಚಾಚಿತು ಎಂಬುದು ಅಂಥ ದಾಖಲೆಗಳಲ್ಲಿ ಸಿಗುವುದಿಲ್ಲ. ಸ್ಟುಡಿಯೋಕ್ಕೆ ಬರಲಾಗದ ಜನರ ಬಳಿಗೆ ತಾವೇ ಹೋಗಿ, ಅವರ ಮುಖಗಳನ್ನು ಘನತೆಯಿಂದ ಉಳಿಸಿಕೊಟ್ಟದ್ದು ಸತ್ಯನ್ ಅವರ ಕೊಡುಗೆ. ಛಾಯಾಗ್ರಹಣವನ್ನು ವೃತ್ತಿಯಾಗಿ ಆರಿಸಿಕೊಂಡ ಕನ್ನಡ ನಾಡಿನ ಅನಂತರದ ತಲೆಮಾರಿನವರಿಗೆ ಅವರ ಬದುಕು ಮಾದರಿಯಾಗಿದೆ.